ಟವರ್ ಅಳೆಯುವ ಸಾಹೇಬರು
ಮೊಬೈಲ್ ಟವರಿನ ವಿಕಿರಣ ಅಳೆಯುವ ಸರ್ಕಾರಿ ಸಾಹೇಬರಾದ ಭೀಮರಾಜ ಅವರು ನಮ್ಮ ಓಣಿಗೆ ಬರುವ ಸುದ್ದಿಯನ್ನು ಯಾರೂ ಹೇಳಬೇಕಿಲ್ಲ, ಅಂದು ಮುಂಜಾನೆಯೇ ಎಲ್ಲರ ಫೋನಿನ ಸಿಗ್ನಲ್ ಹೋಗಿರುತ್ತದೆ. ಕಂಪನಿಗೆ ಮೊದಲೇ ತಿಳಿಸಿ, ಅವರು ಟವರ್ ಬಂದ್ ಮಾಡಿದ ಮೇಲೆಯೇ ಇವರ ಜೀಪು ಹಗರಿಬೊಮ್ಮನಹಳ್ಳಿ ಬಿಡುವುದು. ಮಷಿನನ್ನು ಹಸುಗೂಸಿನಂತೆ ಎತ್ತಿಕೊಂಡು ಓಣಿಯೆಲ್ಲಾ ಸುತ್ತಿ, "ಎಲ್ಲಾ ಲಿಮಿಟ್ ಒಳಗ ಐತ್ರಿ" ಎನ್ನುತ್ತಾರೆ. "ಒಲಿ ಆರಿಸಿ ಹೊಗಿ ಅಳಿಯಾಕ ಬರ್ತೀಯೇನಪ್ಪಾ?" ಎಂದು ನಾನು ಬೈದರೆ, "ರೂಲ್ಸ್ ಹಂಗ ಅದಾವಮ್ಮ" ಎಂದು ನಗುತ್ತಾರೆ. ಕೊಟ್ಟ ಚಹಾವನ್ನು ಮಾತ್ರ ಟವರಿನಿಂದ ದೂರ, ಓಣಿಯ ತುದಿಗೆ ಹೋಗಿ ಕುಡಿಯುತ್ತಾರೆ. ಮೊನ್ನೆ ಸಾಹೇಬರನ್ನು ಪಕ್ಕದ ಮನೆಯ ಸೈದಾ ಬೀ ತಡೆದು, "ನಮ್ ಸೊಸಿ ನೂರೀನ ಬಸುರಿ ಅದಾಳ್ರಿ, ಟವರ್ ಬಾಜು ಕೋಣ್ಯಾಗ ಮಲಗ್ತಾಳ" ಎಂದಳು. "ಏನೂ ಆಗಲ್ಲ ಬಿಡ್ರಿ" ಎಂದ ಸಾಹೇಬರು ಜೀಪಿನವರೆಗೆ ಹೋಗಿ ಬಾಗಿಲು ತೆಗೆದು, ಮತ್ತೆ ಮುಚ್ಚಿದರು. ಆಮೇಲೆ ತಿರುಗಿ ಬಂದು, ನಮ್ಮ ಯಾರ ಮುಖವನ್ನೂ ನೋಡದೆ, ಸೈದಾ ಬೀ ಜೊತೆ ತಾವೇ ನೂರೀನಳ ಮಂಚ ಹಿಡಿದು ಮುಂದಿನ ಪಡಸಾಲೆಗೆ ತಂದು ಹಾಕಿದರು.