ಹಳದಿ ಕನಕಾಂಬರದ ಪುಟ

ಕುಟುಂಬದ ಚರಿತ್ರೆಯನ್ನು ದಾಖಲಿಸುವುದು ಪ್ರತಿಯೊಬ್ಬ ಗೃಹಸ್ಥನ ಪವಿತ್ರ ಕರ್ತವ್ಯ. ನಾನದಕ್ಕೆ ಕೈ ಹಾಕಿದ್ದು, ಮಂಡಿನೋವಿಗೆ ಡಾಕ್ಟರು ‘ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂರಬೇಡಿ’ ಎಂದ ಮೇಲೆ.

ಹಳೇಬೀಡಿನ ನಮ್ಮ ಹಿತ್ತಲಲ್ಲಿ ಪ್ರತಿ ಗಿಡಕ್ಕೂ ಅದನ್ನು ಕೊಟ್ಟವರದೇ ಹೆಸರು. ಗಿಡಗಳ ಫೋಟೋ ತೆಗೆದು, ಪಕ್ಕದಲ್ಲಿ ಕೊಟ್ಟವರ ಹಳೆಯ ಚಿತ್ರವಿಟ್ಟು ಕಂಪ್ಯೂಟರಿನಲ್ಲಿ ಪುಟ ಜೋಡಿಸುತ್ತಿದ್ದೆ. ಹಳದಿ ಕನಕಾಂಬರದ ಕೆಳಗೆ ‘ಅರಸೀಕೆರೆ ಅಕ್ಕ ಕೊಟ್ಟದ್ದು’ ಎಂದು ಬರೆದು, ನನ್ನ ಹೆಂಡತಿಯೂ ಅವಳ ಅಕ್ಕನೂ ಜಡೆ ತುಂಬ ಹೂ ಮುಡಿದು ನಿಂತಿದ್ದ ಚಿತ್ರ ಹಾಕಿದೆ. ಅಕ್ಕತಂಗಿಯರು ಮದುವೆ ಕರೆಯೋಲೆಯೊಂದರ ವಿಚಾರಕ್ಕೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು.

“ಆ ಹೆಸರು ತೆಗೀರಿ ಮೊದ್ಲು” ಎಂದಳು ಹೆಂಡತಿ. ಪುಟ ಆಗಲೇ ನೆಂಟರ ವಾಟ್ಸಾಪ್ ಗ್ರೂಪಿಗೆ ಹೋಗಿಬಿಟ್ಟಿತ್ತು.

ಹತ್ತೇ ನಿಮಿಷಕ್ಕೆ ಅವಳ ಫೋನು ಬಡಿದುಕೊಂಡಿತು. ಅಕ್ಕ! ಇವಳು ಮುಟ್ಟಲೊಲ್ಲಳು. ನಾನೇ ಎದೆ ಗಟ್ಟಿ ಮಾಡಿಕೊಂಡು ಸ್ಪೀಕರ್ ಒತ್ತಿದೆ.

“ಏನೇ ಶಾರದಾ, ಆ ಹಳದೀದು ನಂದಲ್ಲ ಕಣೇ! ನಾನ್ ಕೊಟ್ಟಿದ್ದು ಕೆಂಪಿಂದು. ಸಾಯಿಸ್ಬಿಟ್ಯಾ?”

ಇವಳಿಗೆ ತಡೆಯಲಾಗಲಿಲ್ಲ. “ಸಾಯಿಸೋಕೆ ನೀನು ಬೇರಿರೋ ಗಿಡ ಕೊಟ್ಟಿದ್ರೆ ತಾನೇ ಅಕ್ಕಾ!”

ಮುಕ್ಕಾಲು ಗಂಟೆ ಜಗಳ ನಡೆಯಿತು. ಅರ್ಧಕ್ಕೇ ಇಬ್ಬರಿಗೂ ನಗು ತಡೆಯಲಾಗದೆ ಮಾತು ನಿಂತು ನಿಂತು ಬರುತ್ತಿತ್ತು. ತನ್ನ ದಾಖಲೆ ಸುಳ್ಳೆಂದು ಸಾಬೀತಾದಾಗ ಯಾವ ಚರಿತ್ರಕಾರನೂ ನನ್ನಷ್ಟು ಹಿಗ್ಗಿರಲಾರ.

ಭಾನುವಾರ ಅಕ್ಕ ಕೆಂಪು ಕನಕಾಂಬರದ ಗಿಡ ಹಿಡಿದು ಬಸ್ಸಿಳಿದರು. ನಾಲ್ಕು ದಿನ ಇದ್ದು ಹೋದರು. ಪುಟವನ್ನು ತಿದ್ದಲಾಗಿದೆ.