ಕೌದಿಗೆ ಹಾಕಿದ ಕತ್ತರಿ

ಈ ವರ್ಷ ಸಂಕ್ರಾಂತಿಯ ಮರುದಿನ, ಜಮಖಂಡಿಯ ನನ್ನ ಬಾಡಿಗೆ ಮನೆಯ ಮಾಳಿಗೆಯ ಮೇಲೆ ಬಿಸಿಲಿಗೆ ಕೂತು, ನಮ್ಮ ಮನೆತನದ ಕೌದಿಯಿಂದ ಗೇಣಗಲದ ಒಂದು ಗುಲಾಬಿ ನೈಲಾನ್ ತುಂಡನ್ನು ನಾನು ಬಿಚ್ಚಿ ತೆಗೆದೆ. ಸುದ್ದಿ ಇಷ್ಟೇ. ಉಳಿದದ್ದು ವಿವರ, ಮತ್ತು ನಾಚಿಕೆ.

ಕೌದಿಯೆಂದರೆ ಹಳೆಯ ಬಟ್ಟೆಗಳ ಸಭೆ. ಹರಿದ ಧೋತರ, ಸವೆದ ಸೀರೆ, ಕುಪ್ಪಸದ ಖಣ, ಎಲ್ಲ ಒಂದರ ಮೇಲೊಂದು ಕೂತು ದಾರದ ಮಾತಿಗೆ ಒಪ್ಪಿ ಹೊದಿಕೆಯಾಗುತ್ತವೆ. ನಮ್ಮದು ಬನಹಟ್ಟಿಯ ಮಗ್ಗದ ಮನೆ. ಅಜ್ಜಿ ಹೊಲಿಯತೊಡಗಿದ ಈ ಕೌದಿಯನ್ನು ಮನೆಯ ಹೆಣ್ಣುಮಕ್ಕಳ ಚೊಚ್ಚಲ ಬಸುರಿನ ಕುಬಸಕ್ಕೆ ಕೊಡುತ್ತಾರೆ. ಹುಟ್ಟುವ ಕೂಸು ಅದರ ಮೇಲೆಯೇ ಮೊದಲು ಮಲಗಬೇಕು, ಆಮೇಲೆ ಕೌದಿ ಮನೆಗೆ ಮರಳಬೇಕು. ಈ ಸಲ ಅಣ್ಣನ ಮಗಳು ದೀಪಾಳ ಸರದಿ. ಅವಳನ್ನು ಮುಧೋಳಕ್ಕೆ ಕೊಟ್ಟಿದೆ. ಕೌದಿಯ ಅಂಚು ಹರಿದು ಒಳಗಿನ ಪದರು ಹೊರಗೆ ಇಣುಕುತ್ತಿತ್ತು. ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. "ನಾನು ಸರಿ ಮಾಡಿಸಿಕೊಂಡು ಬರತೇನ್ರಿ" ಎಂದು ಹೊತ್ತುಕೊಂಡು ಬಂದೆ. ಮಾಡಿಸಲಿಲ್ಲ, ಮಾಡಿದೆ. ಒಂಟಿಯಾಗಿರುವವನಿಗೆ ಗುಂಡಿ ಹಚ್ಚಿ ಹಚ್ಚಿ ಸೂಜಿಯ ಮೇಲೆ ಒಂದು ಬಗೆಯ ದುರಭಿಮಾನ ಬೆಳೆದಿರುತ್ತದೆ.

ಅದಕ್ಕಿಂತ ಅಪಾಯದ್ದು ಕತ್ತರಿಯ ಅಭಿಮಾನ. ಪತ್ರಿಕೆಯಲ್ಲಿ ನನ್ನ ಕೆಲಸವೇ ಅದು: ಬೇರೆಯವರು ಬರೆದದ್ದರಲ್ಲಿ ಹೊಂದದ್ದನ್ನು ತೆಗೆಯುವುದು. ತೆಗೆದ ಸಾಲು ಯಾರದ್ದೆಂದು ವಿಚಾರಿಸುವ ರೂಢಿ ನಮ್ಮಲ್ಲಿಲ್ಲ. ಕೌದಿಯನ್ನೂ ಹಾಗೆಯೇ ಓದಿದೆ. ನಡುವೆ ಅಜ್ಜಿಯ ಕಾಲದ ಗುಳೇದಗುಡ್ಡದ ಖಣ, ಸರಿ. ಪಕ್ಕದಲ್ಲಿ ಅವ್ವನ ಇಳಕಲ್ ಸೆರಗು, ಸರಿ. ಅದರ ಕೆಳಗೆ, ನೂಲಿನ ಮನೆತನಕ್ಕೆ ಅವಮಾನವೆಂಬಂತೆ ಹೊಳೆಯುವ ನೈಲಾನ್. ಯಾರೋ ಗಡಿಬಿಡಿಯಲ್ಲಿ ಹಾಕಿದ ತೇಪೆಯೆಂದು ತೀರ್ಮಾನಿಸಿ ಹೊಲಿಗೆ ಬಿಚ್ಚಿದೆ. ಆ ಜಾಗಕ್ಕೆ ಅಪ್ಪನ ಬಿಳಿ ಧೋತರದ ತುಂಡು ಕೂರಿಸಿದೆ. ದೂರ ನಿಂತು ನೋಡಿದರೆ ಪುಟ ಸ್ವಚ್ಛವಾಗಿತ್ತು. ಉತ್ತರ ಕರ್ನಾಟಕದ ಕೌದಿಗಳ ಬಗ್ಗೆ ಹಿಂದೊಮ್ಮೆ ಅರ್ಧ ಪುಟದ ಲೇಖನ ಬರೆದವನು ನಾನು. ಅದಕ್ಕಾಗಿ ಮೂರು ತಾಲ್ಲೂಕು ಸುತ್ತಿದ್ದೆ. ನಮ್ಮ ಮನೆಯಲ್ಲಿ ಮಾತ್ರ ಯಾರನ್ನೂ ಕೇಳಿರಲಿಲ್ಲ.

ಮುಂದಿನ ರವಿವಾರ ಬೈಕಿನ ಹಿಂದೆ ಕೌದಿ ಕಟ್ಟಿಕೊಂಡು ಬನಹಟ್ಟಿಗೆ ಹೋದೆ. ವೈನಿ ಪಡಸಾಲೆಯಲ್ಲಿ ಅದನ್ನು ಹಾಸಿ ಅಂಗೈ ಆಡಿಸಿದರು. ಅಂಚು ಮುಟ್ಟಿ "ಛಲೋ ಹೊಲ್ದೀಯಲ್ಲೋ" ಎಂದರು. ಕೈ ಬಿಳಿ ತುಂಡಿನ ಮೇಲೆ ನಿಂತಿತು.

"ತಮ್ಮಾ, ಇಲ್ಲೊಂದು ತುಂಡ ಇತ್ತಲ್ಲ?"

"ಆ ಗುಲಾಬಿ ನೈಲಾನ್ ಏನ್ರಿ? ಹೊಂದತಿರಲಿಲ್ಲ, ತಗದೇನ್ರಿ."

"ಯಾಕ, ಕಡೀತಿತ್ತೇನು ಅದು?"

ನಾನು ನಕ್ಕೆ. ಅವರು ನಗಲಿಲ್ಲ.

"ಅದು ನಂದಪಾ. ಮೊದಲನೇ ನಾಗರಪಂಚಮಿಗೆ ತವರಿಗೆ ಹೋದ ಸೊಸಿ ಅಲ್ಲಿಂದ ಒಂದು ಅರಿವಿ ತುಂಡ ತಂದು ಇದಕ್ಕ ಹಚ್ಚೂದಲ್ಲ? ನಿಮ್ಮಜ್ಜಿದು ಐತಿ, ನಿಮ್ಮವ್ವಂದು ಐತಿ. ನಮ್ಮವ್ವ ಉಡೂ ಸೀರಿ ಹರದು ಕೊಟ್ಟಿದ್ಳು."

ವೈನಿಯ ತವರು ರನ್ನ ಬೆಳಗಲಿ. ಒಕ್ಕಲುತನದ ಮನೆ. ಮದುವೆಯಾದ ಹೊಸದರಲ್ಲಿ ಅವರಿಗೆ ಬಟ್ಟೆಯ ಪರೀಕ್ಷೆ ತಿಳಿಯುವುದಿಲ್ಲವೆಂದು ನಮ್ಮ ಮನೆಯಲ್ಲಿ ಎಲ್ಲರೂ ಚೇಷ್ಟೆ ಮಾಡುತ್ತಿದ್ದರು. ಆದರೂ ಅವ್ವ ಆ ನೈಲಾನನ್ನು ತನ್ನ ಸೆರಗಿನ ಕೆಳಗೇ ಹಚ್ಚಿಸಿಕೊಂಡಿದ್ದಳು ಎಂಬುದು ನನಗೆ ಆಗ ಹೊಳೆಯಿತು.

"ತುಂಡ ಇದ್ದರ ಕೊಡು, ಕಣ್ಣ ಕಾಣಲಿ ಬಿಡಲಿ, ಈಗ ಹಚ್ಚತೇನಿ. ನನ್ನ ಮಗಳ ಕೂಸಿಗೆ ನನ್ನ ತವರಿಂದು ಇಷ್ಟರೆ ಇರಲಿ."

ತುಂಡು ಇತ್ತು. ಬೈಕಿನ ಡಿಕ್ಕಿಯಲ್ಲಿತ್ತು. ಅದರಿಂದ ಚೈನು ಒರೆಸಿದ್ದೆ; ನೈಲಾನ್ ಏನನ್ನೂ ಹೀರುವುದಿಲ್ಲವೆಂದು ಬೈದುಕೊಂಡೂ ಇದ್ದೆ. ಕರೀ ಮುದ್ದೆಯನ್ನು ತಂದು ಅವರ ಕೈಗಿತ್ತೆ. ವೈನಿ ಬಿಡಿಸಿದರು, ಮೂಸಿದರು.

"ಗಾಡಿ ಒರಸೀದಿ?"

"ಹೌದ್ರಿ."

"ಆತು ಬಿಡು. ನಮ್ಮ ತವರು ನಿನ್ನ ಗಾಡಿಗರೆ ಉಪಯೋಗಕ್ಕ ಬಂತು."

ಈಗ ಅವರು ನಕ್ಕರು. ಬೈದಿದ್ದರೆ ಎದುರಾಡಿ ಹಗುರಾಗುತ್ತಿದ್ದೆ. ತುಂಡನ್ನು ಇಸಿದುಕೊಂಡು ಬಚ್ಚಲಿಗೆ ಹೋದೆ.

ಸಾಬೂನು, ಸೋಡಾ, ನಿಂಬೆಹಣ್ಣು, ಸೀಮೆಎಣ್ಣೆ ಎಲ್ಲ ಆಯಿತು. ಗ್ರೀಸ್ ಅಳಿಯಲಿಲ್ಲ, ಅಗಲವಾಯಿತು. ನಿಮ್ಮದೇ ಬೇರೆ ಸೀರೆಯ ತುಂಡು ಹಚ್ಚೋಣ ಎಂದೆ. ಮರುದಿನ ತಿದ್ದುಪಡಿ ಪ್ರಕಟಿಸಿ ಕೈತೊಳೆದುಕೊಳ್ಳುವ ರೂಢಿ ನಮ್ಮದು.

"ಅವೆಲ್ಲ ನಿಮ್ಮಣ್ಣ ಈ ಊರಾಗ ತಂದ ಸೀರಿ. ನಮ್ಮವ್ವನೂ ಇಲ್ಲ, ಆಕಿ ಸೀರಿನೂ ಇಲ್ಲ. ಹುಟ್ಟೂ ಕೂಸಿಗೆ ಗ್ರೀಸ್ ಹೊಚ್ಚಲೇನು?" ಎಂದು ವೈನಿ ಆ ತುಂಡನ್ನು ಮಡಚಿ ಟ್ರಂಕಿಗೆ ಹಾಕಿದರು. ಸೊಂಟಕ್ಕೆ ಕೈಯಿಟ್ಟು ಎದ್ದು, ಚಹಾ ಕುಡಿಯುತ್ತೀಯೋ ಎಂದು ಕೇಳಿದರು. ಕುಡಿದೆ. ಸಕ್ಕರೆ ಎಂದಿನಷ್ಟೇ ಇತ್ತು. ಅದಕ್ಕೂ ನಾಚಿಕೆಯಾಯಿತು.

ಹೋದ ಶುಕ್ರವಾರ ಮುಧೋಳದಲ್ಲಿ ಕುಬಸ ಆಯಿತು. ಹಸಿರು ಸೀರೆ, ಬುತ್ತಿ, ಕೌದಿ ಎಲ್ಲವೂ ಹೋದವು. ಸುದ್ದಿಮನೆಯ ಕೆಲಸದ ನೆಪ ಹೇಳಿ ನಾನು ಹೋಗಲಿಲ್ಲ.

ಮೊನ್ನೆ ಮಧ್ಯಾಹ್ನ ದೀಪಾಳ ವಾಟ್ಸಾಪ್ ಸಂದೇಶ ಬಂತು: "ಕಾಕಾ, ನಮ್ಮ ಅತ್ತಿಯವರಿಗೆ ಕೌದಿ ತೋರಸಾಕತ್ತೇನಿ. ಅಜ್ಜಿ ಇಳಕಲ್ ಸೆರಗ ಸಿಕ್ತು. ಅವ್ವನ ಗುಲಾಬಿ ತುಂಡ ಕಾಣವಲ್ದು. ಅವ್ವನ್ನ ಕೇಳಿದ್ರ, ನಿಮ್ಮ ಕಾಕಾನ್ನ ಕೇಳು ಅಂತಾಳ."

ನಾನು ಓದಿದ್ದೇನೆಂದು ಅವಳಿಗೆ ಗೊತ್ತು. ಎರಡೂ ಗೀಟು ನೀಲಿಯಾಗಿವೆ. ಉತ್ತರ ಇನ್ನೂ ಹೋಗಿಲ್ಲ.