ಹಳದಿಯಾಗದ ನೀರು

ಸಂಜೀವಯ್ಯನ ಅರ್ಧ ಆಯುಷ್ಯ ತ್ಯಾಗರಾಜನಗರದ ಬಾಡಿಗೆ ಮನೆಯ ತಾರಸಿಯಲ್ಲಿ, ಪ್ಲಾಸ್ಟಿಕ್ ಟಬ್ಬುಗಳ ಮುಂದೆ ಕುಕ್ಕರುಗಾಲಲ್ಲಿ ಕಳೆಯಿತು. ಆತ ಜಯನಗರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಟಬ್ಬಿನಲ್ಲಿದ್ದದ್ದು ತಲಘಟ್ಟಪುರದ ಗದ್ದೆಗಳಿಂದ ತಂದ ನೀಲಿ-ಹಸಿರು ಪಾಚಿ. ಗಾಳಿಯ ಸಾರಜನಕ ಹಿಡಿದು ಅಮೋನಿಯಾ ಮಾಡಿಕೊಳ್ಳುವ ಈ ಪಾಚಿ, ಮಾಡಿದ್ದನ್ನೆಲ್ಲ ತಾನೇ ತಿನ್ನುತ್ತದೆ. ಪೈರಿಗೆ ಸಿಗುವುದು ಅದು ಸತ್ತು ಕೊಳೆತ ಮೇಲೆ. ಬದುಕಿರುವಾಗಲೇ ಅಮೋನಿಯಾವನ್ನು ನೀರಿಗೆ ಬಿಡುವ ತಳಿ ಸಿಕ್ಕರೆ ಗದ್ದೆಗೆ ಯೂರಿಯಾದ ಹಂಗಿಲ್ಲ. ಅದಕ್ಕಾಗಿ ಆತ ವರ್ಷಗಟ್ಟಲೆ ಪಾಚಿ ಸೋಸಿದ ನೀರಿಗೆ ಪರೀಕ್ಷೆಯ ದ್ರಾವಣ ಬಿಟ್ಟು ನೋಡಿದ. ಅಮೋನಿಯಾ ಇದ್ದರೆ ನೀರು ಹಳದಿಯಾಗಬೇಕು. ಆಗುತ್ತಿರಲಿಲ್ಲ. ಕಾಲೇಜಿನವರು ಲ್ಯಾಬಿನಲ್ಲಿ ಒಂದು ಗೂಡನ್ನೂ ಬಿಟ್ಟುಕೊಡಲಿಲ್ಲ.

ತೊಂಬತ್ತೆಂಟರ ಅಕ್ಟೋಬರಿನಲ್ಲಿ ಮೂಲೆಯ ಟಬ್ಬಿನ ನೀರು ಹಳದಿಯಾಯಿತು. ಜೊತೆಯ ಮೇಷ್ಟ್ರು ಗಂಗಯ್ಯ ಓಡಿಬಂದ.

"ಲೋ, ನಂಗೂ ಒಂದು ಬಾಟ್ಲಿಗೆ ಹಾಕ್ಕೊಡೋ. ಎರಡು ಕಡೆ ಇರ್ಲಿ."

"ಇರಯ್ಯ, ಇನ್ನೊಂದ್ಸಲ ಖಾತ್ರಿ ಆಗ್ಲಿ. ಆಮೇಲೆ ಬಕೆಟ್ಟೇ ತಗೊಂಡ್ಹೋಗು."

ಖಾತ್ರಿಯಾಗುವ ಮೊದಲೇ ದೀಪಾವಳಿಯ ನೀರು ತುಂಬುವ ಹಬ್ಬ ಬಂತು. ಸಂಜೆ ಆತ ತಾರಸಿ ಹತ್ತಿದರೆ ಮೂಲೆಯ ಟಬ್ಬು ಫಳಫಳ ಹೊಳೆಯುತ್ತಿದೆ. ಸುತ್ತ ಹಾಗಲಬಳ್ಳಿ, ಅರಿಶಿನ ಕುಂಕುಮ. ಒಳಗೆ ಅಂಚಿನವರೆಗೆ ನಲ್ಲಿಯ ಹೊಸ ನೀರು.

"ಅಕ್ಕಾ!"

ಜೊತೆಗೇ ಇದ್ದ ಅಕ್ಕ ಅಂಜನಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಎಲ್ಲಾನೂ ಉಜ್ಜಕ್ಕೆ ಸೊಂಟ ಕೇಳ್ಲಿಲ್ಲಪ್ಪ. ನೀನು ದಿನಾ ನೋಡ್ಕೊಂಡು ನಗ್ತಿದ್ಯಲ್ಲ, ಆ ಒಂದಕ್ಕಾದ್ರೂ ಹಬ್ಬ ಮಾಡೋಣ ಅಂತ..."

ಬೈಯಲು ಬಾಯಿ ತೆರೆದವನು ಮೋರಿಯತ್ತ ಓಡಿದ. ಪಾಚಿಯೆಲ್ಲ ಕೊಚ್ಚಿಹೋಗಿ ಅದು ಬ್ಲೀಚಿಂಗ್ ಪೌಡರಿನ ವಾಸನೆ ಹೊಡೆಯುತ್ತಿತ್ತು. ಮರುದಿನ ಬೆಳಗ್ಗೆ ಅಕ್ಕ ತಲೆಗೆ ಎಣ್ಣೆ ಒತ್ತಿ ಅದೇ ನೀರು ಕಾಯಿಸಿ ಹೊಯ್ದಾಗ ತಲೆಯೊಡ್ಡಿದ.

ಆಮೇಲೆ ಮೋರಿಯ ಅಂಚು ಕೆರೆದು ಸಿಕ್ಕ ಪಾಚಿ ಬೆಳೆಸಿದ, ನೀರು ಹಳದಿಯಾಗಲಿಲ್ಲ. ಅದೇ ಗದ್ದೆಯ ಮಣ್ಣು ತರಲು ಮತ್ತೆ ಮತ್ತೆ ಹೋದ. ಗದ್ದೆಗಳು ಸೈಟುಗಳಾದವು. ಒಂದು ಬಾಟಲು ಕೊಟ್ಟಿದ್ದರೆ ಆಗುತ್ತಿತ್ತು ಎಂದು ಗಂಗಯ್ಯನೆದುರು ಹಣೆ ಚಚ್ಚಿಕೊಳ್ಳುತ್ತಿದ್ದ. ಅಕ್ಕನಿಗೆ ಮಾತ್ರ ಒಂದು ಮಾತು ಅನ್ನಲಿಲ್ಲ. ಆದರೆ ಆಕೆಗೆ ಗೊತ್ತಾಗದೆ ಇರುತ್ತದೆಯೇ? ಆತ ಇರುವವರೆಗೂ ಆಕೆ ಮತ್ತೆ ಟಬ್ಬು ಮುಟ್ಟಲಿಲ್ಲ.

ಕಳೆದ ಶ್ರಾವಣದಲ್ಲಿ ಸಂಜೀವಯ್ಯ ತೀರಿಕೊಂಡ. ನೀರು ತುಂಬುವ ಹಬ್ಬಕ್ಕೆ ಮುಂಚೆ ಮನೆ ಓನರ್ ಗುಂಡಣ್ಣ ಬಂದು, "ಸೊಳ್ಳೆ ಆಗುತ್ತಮ್ಮ, ಮೇಲಿನ ಟಬ್ಬೆಲ್ಲ ತೊಳೆಸಿಬಿಡಿ" ಎಂದರು.

"ಮನೆ ಪಾತ್ರೆ ಎಲ್ಲಾ ತೊಳೀತೀನಿ ಸಾರ್. ಅವನ್ನ ಮಾತ್ರ ಕೇಳ್ಬೇಡಿ."

ಅಂಜನಮ್ಮ ಟಬ್ಬುಗಳಿಗೆ ಹಳೆಯ ಸೊಳ್ಳೆಪರದೆ ಕಟ್ಟಿದ್ದಾರೆ. ಇಂಗಿದಷ್ಟು ನೀರು ಹೊಯ್ಯುತ್ತಾರೆ. ಗಂಗಯ್ಯ ಆಗಾಗ ಬಂದು ದ್ರಾವಣ ಬಿಟ್ಟು ನೋಡುತ್ತಾನೆ, ಚೀಲದಲ್ಲಿ ಖಾಲಿ ಬಾಟಲು ಇಟ್ಟುಕೊಂಡೇ ಬರುತ್ತಾನೆ. ನೀರು ಇನ್ನೂ ಹಳದಿಯಾಗಿಲ್ಲ.